ಸೇವಂತಿಗೆ ಹಾರವೂ ಸ್ಟಾರ್ಟಾಗದ ಪಿಕಪ್ಪೂ

ನಿಂತುಹೋದ ಮೋಟಾರಿನ ಸುತ್ತ ಸೇರುವಷ್ಟು ಪಂಡಿತರು ಬೇರೆ ಯಾವ ಸಭೆಗೂ ಸೇರುವುದಿಲ್ಲ. ಓಡುವ ಗಾಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಗಾಡಿ ನಿಂತಿತೋ, ಎತ್ತು ಕಟ್ಟಲು ಹೊರಟವನೂ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದು, ಬಾನೆಟ್ಟಿನೊಳಕ್ಕೆ ತಲೆ ಹಾಕಿ, ಕಣ್ಣಿಗೆ ಬಿದ್ದ ಮೊದಲ ನಟ್ಟನ್ನು ತೋರಿಸಿ "ಇದೇ ಇರ್ಬೇಕು ನೋಡಿ" ಎನ್ನುತ್ತಾನೆ. ಇದನ್ನು ನಾನು ಯಾರ ಮೇಲೂ ದೂರಾಗಿ ಹೇಳುತ್ತಿಲ್ಲ. ಆ ಪಂಡಿತರ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೇ. ಯಲಹಂಕದ ಹತ್ತಿರದ ನಮ್ಮೂರು ಸಿಂಗಾಪುರದ ಪ್ರೈಮರಿ ಶಾಲೆಯಲ್ಲಿ ಹನ್ನೆರಡು ವರ್ಷ ಮೇಷ್ಟ್ರಾಗಿದ್ದವನ ಬಾಯಲ್ಲಿ "ನನಗೆ ಗೊತ್ತಿಲ್ಲ" ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಬಂದರೆ ಮಕ್ಕಳು ಮನೆಗೆ ಹೋಗಿ ಹೇಳಿಬಿಡುತ್ತಾರಲ್ಲ ಎಂಬ ಭಯ. ಈ ಒಂದು ದೌರ್ಬಲ್ಯದಿಂದ ನನ್ನ ತಂಗಿಯ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ನಮ್ಮ ಪಿಕಪ್ಪು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ನಮ್ಮಪ್ಪ ಬದುಕಿದ್ದಾಗ ತಂದದ್ದು. ಮುಂದೆ ಮೂವರು ಕೂರುವ ಸೀಟು, ಹಿಂದೆ ತರಕಾರಿ ಮೂಟೆಗೆ ತೆರೆದ ತೊಟ್ಟಿ. ಮೊದಲಿದ್ದ ಎಂಜಿನ್ನು ಹಸು ಕಲಗಚ್ಚು ಕುಡಿದ ಹಾಗೆ ಪೆಟ್ರೋಲು ಕುಡಿಯುತ್ತಿತ್ತೆಂದು ಅದನ್ನು ಕಿತ್ತು, ಬೇರೆ ಯಾವುದೋ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದರು. ಅಂದಿನಿಂದ ಅದರ ಸದ್ದು ಎಷ್ಟು ಹೆಚ್ಚಿತೆಂದರೆ, ನಾನು ಜಾಲಹಳ್ಳಿ ತಿರುವು ದಾಟುವಾಗಲೇ ನನ್ನ ಹೆಂಡತಿ ಜಯಮ್ಮ ಇಲ್ಲಿ ಒಲೆಯ ಮೇಲೆ ಎಸರಿಡುತ್ತಿದ್ದಳು. ದಿನಾ ಮುಂಜಾನೆ ನಾನೂ ನನ್ನ ತಂಗಿ ಶಾರದೆಯೂ ಹುರುಳಿಕಾಯಿ, ಬದನೆಕಾಯಿ ಹೇರಿಕೊಂಡು ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋಗಿ, ಶಾಲೆಯ ಗಂಟೆ ಹೊಡೆಯುವುದರೊಳಗೆ ವಾಪಸಾಗುತ್ತಿದ್ದೆವು. ಗಾಡಿ ನಡೆಸುವುದು ನನ್ನ ಪಾಲು, ವ್ಯಾಪಾರ ಅವಳ ಪಾಲು. ನಾನು ವ್ಯಾಪಾರಕ್ಕೆ ನಿಂತರೆ ಕೊಳ್ಳುವವರ ಕಷ್ಟಸುಖ ಕೇಳಿ ಕೊಸರು ಹಾಕುವುದರಲ್ಲೇ ಮೂಟೆ ಮುಗಿಯುತ್ತಿತ್ತು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ಡೀಸೆಲ್ ಎಂಜಿನ್ನು ಬೀಗದ ಕೈ ತಿರುಗಿಸಿದರೆ ಆರುವುದಿಲ್ಲ. ಅದಕ್ಕೆ ಒಂದು ಕರಿ ಗುಂಡಿ ಇರುತ್ತದೆ, ಸ್ಟಾಪರ್ ಅಂತ. ಅದನ್ನು ಈಚೆಗೆ ಎಳೆದರೆ ಎಣ್ಣೆ ನಿಂತು ಎಂಜಿನ್ ಆರುತ್ತದೆ. ಮತ್ತೆ ಒಳಕ್ಕೆ ತಳ್ಳದಿದ್ದರೆ ಜಪ್ಪಯ್ಯ ಅಂದರೂ ಹೊತ್ತುವುದಿಲ್ಲ. ನಮ್ಮ ಗಾಡಿಗೆ ಎಂಜಿನ್ ಕೂರಿಸಿದ ಪುಣ್ಯಾತ್ಮರು ಈ ಗುಂಡಿಯನ್ನು ನನ್ನ ಕೈಗೆ ಸಿಗುವ ಕಡೆ ಇಡದೆ, ತೂತು ಸಿಕ್ಕಿತೆಂದು ಎಡತುದಿಯಲ್ಲಿ, ಶಾರದೆ ಕೂರುವ ಜಾಗದ ಮುಂದೆ ಇಟ್ಟಿದ್ದರು. ಹಾಗಾಗಿ ಎಳೆಯುವುದೂ ಅವಳೇ, ಆರಿದ ಕೂಡಲೇ ಒಳಕ್ಕೆ ತಳ್ಳುವುದೂ ಅವಳೇ. ಎಂಟು ವರ್ಷ ಹೀಗೆ ನಡೆದು ಆ ಗುಂಡಿ ನನ್ನ ವಿದ್ಯೆಯಿಂದಲೇ ಬಿಟ್ಟುಹೋಗಿತ್ತು.

ಶಾರದೆಗೆ ಇಪ್ಪತ್ತೆರಡು ತುಂಬಿತ್ತು. ಬಂದ ಎರಡು ಸಂಬಂಧಗಳು ತಪ್ಪಿದ್ದವು. ಮೂರನೆಯದು ತುಮಕೂರಿನ ಕಡೆಯವರದು. ಹುಡುಗ ತೋಟ ನೋಡಿಕೊಳ್ಳುತ್ತಾನೆ, ಒಳ್ಳೆಯ ಜನ. ಹುಡುಗನ ಫೋಟೋವನ್ನು ಶಾರದೆ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದಳು. ಅದು ಯಾರಿಗೂ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು, ಗೊತ್ತಿಲ್ಲದವರ ಹಾಗೆ ನಾವೂ ಇದ್ದೆವು. ಈ ಸಲ ಮಾತ್ರ ತಪ್ಪಬಾರದು. ಅವರು ವಿಜಯದಶಮಿಯ ದಿನ ಹನ್ನೊಂದರ ರೈಲಿಗೆ ಚಿಕ್ಕಬಾಣಾವರಕ್ಕೆ ಬಂದಿಳಿಯುತ್ತೇವೆ, ಹುಡುಗನ ತಾಯಿಗೆ ಮಂಡಿನೋವು, ನಡೆಯಲಾಗುವುದಿಲ್ಲ ಎಂದು ಬರೆದಿದ್ದರು. ನಾನು ಸುಮ್ಮನೆ "ಬನ್ನಿ" ಎಂದು ಬರೆಯಬಹುದಿತ್ತು. "ತಾವು ಚಿಂತಿಸಬೇಡಿ, ನಮ್ಮ ಸ್ವಂತ ಮೋಟಾರು ನಿಲ್ದಾಣದಲ್ಲಿ ಕಾದಿರುತ್ತದೆ" ಎಂದು ಬರೆದೆ. 'ಸ್ವಂತ ಮೋಟಾರು' ಎಂಬುದನ್ನು ಸ್ವಲ್ಪ ದಪ್ಪಕ್ಷರದಲ್ಲೇ ಬರೆದೆ.

ಹಿಂದಿನ ದಿನ ಆಯುಧಪೂಜೆ. ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಬಾನೆಟ್ಟಿಗೆ ಐದು ಮೊಳದ ಸೇವಂತಿಗೆ ಹಾರ ಹಾಕಿದೆವು. ಶಾರದೆ ಮರುದಿನದ ಚಕ್ಕುಲಿಯ ಮುಂದೆ ಕೂತಿದ್ದರಿಂದ ನಾನೊಬ್ಬನೇ ಗಾಡಿ ಹತ್ತಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮೈಯೆಲ್ಲ ಎಡಕ್ಕೆ ಬಗ್ಗಿಸಿ ಸ್ಟಾಪರ್ ಎಳೆದು ಎಂಜಿನ್ ಆರಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮೇಕೆ ಬಂದು ಬಾನೆಟ್ಟಿನ ಹಾರಕ್ಕೆ ಬಾಯಿ ಹಾಕಿತು. ಹಾರಿಬಿದ್ದು ಅದನ್ನು ಓಡಿಸಿದೆ. ಇನ್ನು ಹೊರಗೆ ಬಿಟ್ಟರೆ ಉಳಿಯುವುದಿಲ್ಲವೆಂದು ಹಾರವನ್ನು ಗಾಡಿಯೊಳಕ್ಕೆ ತಂದು, ಸ್ಟೇರಿಂಗಿನ ಮುಂದಿನಿಂದ ಎಡತುದಿಯವರೆಗೆ ಎಳೆದು, ಸಿಕ್ಕ ಕೊಕ್ಕೆಗಳಿಗೆಲ್ಲ ಬಿಗಿದು ಕಟ್ಟಿದೆ. ನೋಡಲು ಮದುವೆ ಮಂಟಪದ ಹಾಗಿತ್ತು. "ನಾಳೆ ಸಂಜೆ ಆರತಿ ಆಗೋವರೆಗೂ ಹೂವು ಯಾರೂ ಮುಟ್ಟಕೂಡದು" ಎಂದು ಜಯಮ್ಮ ಕಟ್ಟಪ್ಪಣೆ ಮಾಡಿದಳು.

ಬೆಳಿಗ್ಗೆ ಏಳಕ್ಕೆ, ಎಲ್ಲ ಸರಿಯಿದೆಯೇ ನೋಡೋಣವೆಂದು ಸೆಲ್ಫ್ ಹೊಡೆದೆ. ಗುರ್ ಗುರ್ ಎಂದಿತು, ಹೊತ್ತಲಿಲ್ಲ. ಹತ್ತು ಸಲ ಹೊಡೆದೆ. ಸೈಲೆನ್ಸರಿನಿಂದ ಒಂದೆಳೆ ಹೊಗೆಯೂ ಬರಲಿಲ್ಲ. "ಚಳಿಗೆ ಹೀಗೇ" ಎಂದೆ. ಅಂಥ ಚಳಿಯೇನೂ ಇರಲಿಲ್ಲ. ಶಾರದೆ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಅಣ್ಣ, ಆ ಹಾರ..." ಎಂದಳು.

"ಹಾರದ ಸುದ್ದಿ ಬೇಡ, ಒಳಗೆ ನಡಿ. ಬಿಸಿಲಿಗೆ ಮುಖ ಕಂದುತ್ತೆ" ಎಂದು ಜಯಮ್ಮ ಅವಳನ್ನು ಒಳಕ್ಕೆ ತಳ್ಳಿದಳು.

ಅಷ್ಟು ಹೊತ್ತಿಗೆ ಮೇಕೆಯ ಒಡೆಯ ಮುನಿಶಾಮಣ್ಣ ಬಂದರು. ಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಮಿಲಿಟರಿ ಲಾರಿ ಓಡಿಸಿದವರು. ಅವರ ಲಾರಿ ಅಲ್ಲಿ ಓಡಿದ್ದಕ್ಕಿಂತ ನಮ್ಮ ಜಗಲಿಯ ಮೇಲೆ ಓಡಿದ್ದೇ ಹೆಚ್ಚು. "ಇಂಗಲ್ಲ ಮೇಷ್ಟ್ರೇ, ಇದಕ್ಕೆ ಬೆಂಕಿ ತೋರಿಸ್ಬೇಕು" ಎಂದು, ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಹೊತ್ತಿಸಿ, ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ಹಿಡಿದರು. ನಾನು ಸೆಲ್ಫ್ ಹೊಡೆದೆ. ಮುನಿಶಾಮಣ್ಣನ ಬಲಮೀಸೆ ಸ್ವಲ್ಪ ಸುಟ್ಟಿತು. ಆಮೇಲೆ ಊರವರೆಲ್ಲ ಸೇರಿ ಐಸಾ ಎಂದು ಅರಳಿಕಟ್ಟೆಯವರೆಗೆ ತಳ್ಳಿ, ಅಲ್ಲಿಂದ ಐಸಾ ಎಂದು ವಾಪಸು ತಳ್ಳಿಕೊಂಡು ಬಂದರು. ತಳ್ಳಿದವರಿಗೆಲ್ಲ ಜಯಮ್ಮ ಗಂಡಿನವರಿಗೆಂದು ಇಟ್ಟಿದ್ದ ಹಾಲಿನಲ್ಲಿ ಕಾಫಿ ಮಾಡಿಕೊಟ್ಟಳು. ಕೊಡುವಾಗ ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಎಂಟೂವರೆಗೆ ಮುನಿಶಾಮಣ್ಣನ ಸೈಕಲ್ ತೆಗೆದುಕೊಂಡು ಯಲಹಂಕಕ್ಕೆ ಹೋಗಿ ಬಾಷಾ ಮೇಸ್ತ್ರಿಯನ್ನು ಕರೆತಂದೆ. ಕರೆತಂದೆ ಎಂದರೆ ಕ್ಯಾರಿಯರಿನ ಮೇಲೆ ಹೇರಿಕೊಂಡು ಬಂದೆ. ಮೇಸ್ತ್ರಿಗಳದು ನನ್ನ ಎರಡರಷ್ಟು ದೇಹ, ಅವರ ಮಡಿಲಲ್ಲಿ ಸ್ಪ್ಯಾನರ್ ಪೆಟ್ಟಿಗೆ. ಏರು ಬಂದಾಗ ಇಳಿಯುತ್ತಾರೇನೋ ಎಂದು ಹಿಂತಿರುಗಿ ನೋಡಿದರೆ, "ಹಂಗೇ ಬಿಡಿ ಸ್ವಾಮಿ, ಚೆನ್ನಾಗಿ ಹೋಗ್ತಾ ಐತೆ" ಎಂದು ಧೈರ್ಯ ತುಂಬಿದರು.

ಮೇಸ್ತ್ರಿ ಕೆಲಸ ಬಲ್ಲವರು. ಗಾಡಿಯೊಳಗೆ ಇಣುಕಿದ ಕೂಡಲೇ ಕೇಳಿದ ಮೊದಲ ಮಾತೇ, "ಸ್ಟಾಪರ್ ಒಳಗೈತಾ ಸ್ವಾಮಿ?"

ಓದುಗರೇ, ಇದೇ ಆ ಗಳಿಗೆ. ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಸುತ್ತ ಇಪ್ಪತ್ತು ಜನ, ಅವರಲ್ಲಿ ಎಂಟು ಮಂದಿಯ ಮಕ್ಕಳು ನನ್ನ ಶಾಲೆಯಲ್ಲಿ. "ಅದೆಲ್ಲ ಮೊದಲೇ ನೋಡಿದೀನಿ ಕಣ್ರೀ" ಎಂದೆ.

ಮೇಷ್ಟ್ರ ಮಾತಿಗೆ ಅವರು ಎದುರಾಡಲಿಲ್ಲ. ತಾವೇ ನೋಡೋಣವೆಂದರೆ ಎಡತುದಿಯಲ್ಲಿ ಹೂವಿನ ರಾಶಿ. "ದೇವ್ರ ಹೂವು, ನಾನು ಕೈ ಹಾಕಬಾರದು" ಎಂದು ಪಾಪ, ಕೈ ಹಿಂದಕ್ಕೆ ತೆಗೆದುಕೊಂಡರು. ಮುನಿಶಾಮಣ್ಣ ಆಗಲೇ ಎರಡು ಸಲ ಆ ಹಾರಕ್ಕೆ ಕೈಮುಗಿದಾಗಿತ್ತು. ಆಮೇಲೆ ಮೇಸ್ತ್ರಿ ಪೈಪು ಸಡಿಲಿಸಿ, ಎಣ್ಣೆಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದರು, ಫಿಲ್ಟರು ಬಿಚ್ಚಿ ತೊಳೆದರು. ನನ್ನ ಬಿಳಿ ಪಂಚೆಗೆ ಡೀಸೆಲ್ ಚಿಮ್ಮಿ, ಅದು ಯಾವ ದೇಶದ ನಕ್ಷೆ ಎಂದು ಗುರುತಿಸುವಷ್ಟು ಸ್ಪಷ್ಟವಾಗಿ ಹರಡಿತು. ಹತ್ತೂಕಾಲಕ್ಕೆ ಮೇಸ್ತ್ರಿ ಕೈ ಒರೆಸಿಕೊಂಡು, "ಪಂಪ್‌ವರೆಗೂ ಎಣ್ಣೆ ಬರ್ತಾ ಐತೆ. ಅಲ್ಲಿಂದ ಮುಂದಕ್ಕೆ ಒಂದು ತೊಟ್ಟೂ ಹೋಗಲ್ಲ. ಪಂಪೇ ಹೋಗಿರ್ಬೇಕು. ಬಿಚ್ಚಿ ಸಿಟಿಗೆ ಕಳಿಸಿದ್ರೆ ನಾಲ್ಕು ದಿನ" ಎಂದರು.

ಅದೇ ಸಮಯಕ್ಕೆ ಶಾರದೆ ಕಿಟಕಿಯಿಂದ, "ಅಣ್ಣ, ಒಂದ್ನಿಮಿಷ ನನ್ನ ಮಾತು ಕೇಳೋ" ಎಂದಳು.

"ಸುಮ್ನಿರಮ್ಮ, ಇದು ಎಂಜಿನ್ ವಿಷಯ" ಎಂದೆ. ಎಂಟು ವರ್ಷ ನನ್ನ ಪಕ್ಕ ಕೂತು ಆ ಎಂಜಿನ್ನನ್ನು ದಿನಕ್ಕೆ ಎರಡು ಸಲ ಆರಿಸಿದವಳಿಗೆ ಹೇಳಿದ ಮಾತು ಇದು.

ಮುನಿಶಾಮಣ್ಣನ ಎತ್ತಿನ ಗಾಡಿ ಕೇಳಿದರೆ ಎತ್ತುಗಳು ಹಬ್ಬದ ಬಣ್ಣ ಹಚ್ಚಿಸಿಕೊಂಡು ಕೆರೆಯಂಗಳಕ್ಕೆ ಮೇಯಲು ಹೋಗಿದ್ದವು. ಅವನ್ನು ಹಿಡಿದು ತರಲು ಅವರು ಹೊರಟರು. ಹನ್ನೊಂದು ಹೊಡೆದು ಮುಕ್ಕಾಲು ಗಂಟೆಯಾದರೂ ಎತ್ತುಗಳು ಬರಲಿಲ್ಲ. ಜಗಲಿಯ ಮೇಲೆ ಕುಸಿದು ಕೂತೆ. ಮಂಡಿನೋವಿನ ಹೆಂಗಸು ನಿಲ್ದಾಣದ ಬೆಂಚಿನ ಮೇಲೆ ಕೂತು ನನ್ನ ದಪ್ಪಕ್ಷರದ ಸ್ವಂತ ಮೋಟಾರಿಗೆ ಕಾಯುತ್ತಿರುವುದು ಕಣ್ಣಿಗೆ ಕಟ್ಟಿದ ಹಾಗಾಯಿತು. ಮುಂದಿನ ರೈಲಿಗೆ ವಾಪಸು ಹೋಗಿಬಿಟ್ಟರೆ? ಸಾಸಿವೆ ಡಬ್ಬಿಯ ಹಿಂದಿನ ಫೋಟೋ ನೆನೆದು ನಿಜಕ್ಕೂ ಅಳು ಬಂತು.

ಅಷ್ಟು ಹೊತ್ತು ತಡೆದಿದ್ದ ಶಾರದೆ ಆಗ ಹೊರಗೆ ಬಂದಳು. "ಶಾರದಾ! ಹೂವು!" ಎಂದು ಜಯಮ್ಮ ಕೂಗಿದಳು. "ಇರ್ಲಿ ಬಿಡಿ ಅತ್ತಿಗೆ, ದೇವರ ಹತ್ರ ನಾನು ಮಾತಾಡ್ಕೋತೀನಿ" ಎನ್ನುತ್ತ ಅವಳು ರೇಷ್ಮೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿ, ಹಾರದ ಎಡತುದಿಯ ಗಂಟು ಬಿಚ್ಚಿದಳು. ಹೂವಿನ ರಾಶಿಯಿಂದ ಸ್ಟಾಪರ್ ಹೊರಬಂತು. ಈಚೆಗೆ ಎಳೆದೇ ಇತ್ತು. ನಾನು ಕಟ್ಟಿದ ದಾರ ಅದನ್ನು ಒಳಕ್ಕೆ ಹೋಗದ ಹಾಗೆ ಹಿಡಿದು ನಿಲ್ಲಿಸಿತ್ತು. ಅದನ್ನು ಒಳಕ್ಕೆ ತಳ್ಳಿ, ನನ್ನ ಜಾಗಕ್ಕೆ ಸರಿದು ಸೆಲ್ಫ್ ಹೊಡೆದಳು. ನಾಲ್ಕನೆಯ ಗುರ್‌ಗೆ ಎಂಜಿನ್ನು ಹೊತ್ತಿಕೊಂಡು, ಬೆಳಗಿನಿಂದ ನುಂಗಿಕೊಂಡಿದ್ದ ಕೋಪವನ್ನೆಲ್ಲ ಒಂದು ದೊಡ್ಡ ಕರಿಮೋಡವಾಗಿ ಹಿಂದಕ್ಕೆ ಬಿಟ್ಟಿತು.

ಆ ಮೋಡದೊಳಗಿಂದ ಕೆಮ್ಮು ಕೇಳಿಸಿತು. ಹೊಗೆ ತಿಳಿಯಾದಾಗ ನೋಡುತ್ತೇನೆ, ಬೀದಿಯಲ್ಲಿ ಒಂದು ಬಾಡಿಗೆ ಜಟಕಾ. ಅದರಿಂದ ಇಳಿಯುತ್ತಿದ್ದಾರೆ ಹುಡುಗ, ಅವನ ತಾಯಿ, ಸೋದರಮಾವ. ಮಾವನವರ ಬಿಳಿ ಜುಬ್ಬ ಬೂದಿಬಣ್ಣಕ್ಕೆ ತಿರುಗಿತ್ತು. ನಾನು ಡೀಸೆಲ್ ಸುರಿಯುವ ಕೈ ಮುಗಿದೆ. ಮೇಸ್ತ್ರಿ ತಲೆತಗ್ಗಿಸಿದರು.

"ಹುಡುಗಿ ಎಲ್ಲಿ?" ಎಂದರು ಆ ತಾಯಿ.

ನಾನು ಸ್ಟೇರಿಂಗಿನ ಕಡೆ ಕೈ ತೋರಿಸಿದೆ. ಬೇರೆ ದಾರಿಯೇ ಇರಲಿಲ್ಲ. ಶಾರದೆ ಅಲ್ಲಿ ಮೊಣಕೈವರೆಗೆ ಸೇವಂತಿಗೆ ಸುತ್ತಿಕೊಂಡು, ಮುಖದ ಮೇಲೆ ಒಂದು ಗೀಟು ಮಸಿಯೊಡನೆ ಕೂತಿದ್ದಳು. ಹುಡುಗನ ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಎಲ್ಲರೂ ಒಳಗೆ ಬಂದರು. ಚಕ್ಕುಲಿ ತಿಂದರು, ಹಾಲಿಲ್ಲದ ಕಾಫಿ ಕುಡಿದರು. ಹಾಡು ಕೇಳಲಿಲ್ಲ, ಹೊಲಿಗೆ ಕೇಳಲಿಲ್ಲ. ಮುಗಿಯಿತು ಕಥೆ ಎಂದುಕೊಂಡೆ. ಹೊರಡುವಾಗ, ತಪ್ಪಿತಸ್ಥನ ದನಿಯಲ್ಲಿ, "ಸ್ಟೇಷನ್ನಿಗೆ ನಾನೇ ಗಾಡೀಲಿ ಬಿಟ್ಟು ಬರ್ತೀನಮ್ಮ" ಎಂದೆ.

ಆಕೆ ನನ್ನ ಪಂಚೆಯ ನಕ್ಷೆಯನ್ನು ಒಮ್ಮೆ ನೋಡಿ, "ಆಗಲಿ ಮೇಷ್ಟ್ರೇ. ಆದ್ರೆ ನಮ್ಮ ಹುಡುಗೀನೂ ಜೊತೆಗೆ ಬರ್ಲಿ. ದಾರೀಲಿ ನಿಂತ್ರೆ ಏನ್ ಮಾಡ್ತೀರಿ?" ಎಂದರು. 'ನಮ್ಮ ಹುಡುಗಿ' ಎಂಬ ಆ ಎರಡು ಪದ ಕೇಳಿ ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ನನ್ನ ಕೈಯೆಲ್ಲ ಡೀಸೆಲ್.

ಮದುವೆಯಾಗಿ ಮೂರು ವರ್ಷವಾಯಿತು. ಅವರ ತೋಟದ ಡೀಸೆಲ್ ಪಂಪು ಈಗ ಅವಳು ಹೇಳಿದ ಹಾಗೆ ಕೇಳುತ್ತದಂತೆ. ಇಲ್ಲಿ ನಾನು ಬಗ್ಗಿ ಸ್ಟಾಪರ್ ತಳ್ಳುವುದನ್ನು ಕಲಿತಿದ್ದೇನೆ. ಹೋದ ವಾರ ಪಿಕಪ್ಪು ಮತ್ತೆ ಸ್ಟಾರ್ಟಾಗಲಿಲ್ಲ. ಎರಡು ದಿನ ಪರೀಕ್ಷೆ ಮಾಡಿ, ಫಿಲ್ಟರು, ನಾಜಲ್ಲು, ಪಂಪು ಎಲ್ಲದರ ಬಗ್ಗೆ ನನ್ನ ಅಭಿಪ್ರಾಯಗಳನ್ನು ನಾಲ್ಕು ಪುಟದಲ್ಲಿ ವಿವರವಾಗಿ ಶಾರದೆಗೆ ಬರೆದು ಹಾಕಿದೆ. ಅವಳಿಂದ ಕಾರ್ಡು ಬಂತು. ಕವರಿನಲ್ಲಿ ಬರೆಯೇ ತಾಯಿ ಎಂದು ಎಷ್ಟು ಬೇಡಿಕೊಂಡರೂ ಅವಳು ಕಾರ್ಡೇ ಹಾಕುವುದು. ಅಂಚೆಯವನು ದಾರಿಯುದ್ದಕ್ಕೂ ಓದಿಕೊಂಡು ಬಂದು, ನಗು ತಡೆದುಕೊಂಡು ಕೈಗೆ ಕೊಟ್ಟ. ಅದರಲ್ಲಿ ಒಂದೇ ಸಾಲು: "ಅಣ್ಣ, ಸ್ಟಾಪರ್ ತಳ್ಳಿದೆಯಾ?"

ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗಿ ತಳ್ಳಿದೆ. ಗಾಡಿ ಹೊತ್ತಿಕೊಂಡಿತು. ಅವಳಿಗೆ ಇನ್ನೂ ಉತ್ತರ ಬರೆದಿಲ್ಲ. ಬ್ಯಾಟರಿ ಕೆಟ್ಟಿತ್ತು ಎಂದು ಬರೆಯೋಣ ಎಂದಿದ್ದೇನೆ.