ದಾಸವಾಳದ ಗಿಡಕ್ಕೆ ಕಣಜ ಬಂದಾಗ

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮುಂದಾದರೂ ಒಂದು ತಾಪತ್ರಯ ಹೇಳಿಕೊಂಡರೆ ಸಾಕು, ಸಂಜೆಯೊಳಗೆ ಅದಕ್ಕೆ ಉಪಾಯಗಳು ಮನೆಬಾಗಿಲಿಗೆ ಬಂದು ನಿಲ್ಲುತ್ತವೆ. ಉಪಾಯ ಮಾಡಿ ಮುಗಿಸಿದ ಮೇಲೆ, ಮೊದಲಿನ ತಾಪತ್ರಯವೇ ಎಷ್ಟೋ ವಾಸಿ ಇತ್ತು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಇದು ನಡೆದೇ ಇರುತ್ತದೆ. ಈ ವರ್ಷದ ಸರದಿ ಕಣಜದ ಹುಳುಗಳದ್ದು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನನ್ನ ಮಷಿನ್ ಇರುವ ಕಿಟಕಿಯಾಚೆ, ಕಾಂಪೌಂಡಿಗೆ ಹತ್ತಿಕೊಂಡು, ನಮ್ಮ ಅತ್ತೆ ಹಚ್ಚಿದ ಬಿಳಿ ದಾಸವಾಳದ ಗಿಡವಿದೆ. ಲಿಂಗಪೂಜೆ ಆಗದೆ ಅತ್ತೆಗೆ ಚಹಾ ಇಳಿಯುವುದಿಲ್ಲ. ಪೇಟೆಯ ಹೂ ನಡೆಯುವುದಿಲ್ಲ. ತಾವೇ ನೀರುಣಿಸಿ ಬೆಳೆಸಿದ ಗಿಡದ ಹೂವನ್ನು ತಮ್ಮ ಕೈಯಾರೆ ಹರಿದು ಲಿಂಗಕ್ಕೆ ಏರಿಸಬೇಕೆಂಬುದು ಅವರ ಆಸೆ. ಗಿಡ ಮೊದಲ ಸಲ ಮೈತುಂಬ ಮೊಗ್ಗು ಬಿಟ್ಟ ವಾರವೇ ಕಣಜಗಳು ಬಂದು ಅದರ ನಡುವೆ ಗೂಡು ಕಟ್ಟಿದವು. ಹೂ ಹರಿಯಲು ಹೋದ ಅತ್ತೆಯ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು.

“ಔಷಧ ಹೊಡೆದ್ರಾತು ಬಿಡ್ರಿ” ಅಂದೆ.

“ಇಷಾ ಹೊಡದ ಹೂವಾ ಲಿಂಗಕ್ಕ ಏರಸಂತಿಯೇನ?” ಅಂದರು.

ಅಂದಿನಿಂದ ಬರೀ ಪತ್ರಿ ಏರಿಸಿ, ಕಿಟಕಿಯಿಂದ ಹೂ ನೋಡಿ, ಒಂದು ನಿಟ್ಟುಸಿರು ಬಿಟ್ಟು ಚಹಾ ಕುಡಿಯತೊಡಗಿದರು. ಆ ನಿಟ್ಟುಸಿರು ನನಗೆ ಮಷಿನ್ನಿನ ಸದ್ದಿನಲ್ಲೂ ಕೇಳುತ್ತಿತ್ತು. ಪಾಪ ಅನ್ನಿಸುತ್ತಿತ್ತು.

ಬೆಲ್ಲದ ನೀರು

ಮೊದಲ ಉಪಾಯ ನಮ್ಮ ಮನೆಯವರದ್ದು. ನೂಲಿನ ವ್ಯಾಪಾರ ಅವರದು, ಆದರೆ ಜಗತ್ತಿನ ಯಾವ ವಿಷಯದಲ್ಲೂ ಹಿಂದೆ ಬಿದ್ದವರಲ್ಲ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಬಾಯಿಯ ಭಾಗವನ್ನು ತಲೆಕೆಳಗಾಗಿ ಒಳಗೆ ಕೂಡಿಸಿ, ಬೆಲ್ಲದ ನೀರು ತುಂಬಿ ಗಿಡಕ್ಕೆ ಕಟ್ಟಿದರು. ಒಳಗೆ ಹೋದ ಹುಳ ಹೊರಗೆ ಬರುವುದಿಲ್ಲವಂತೆ. ಬೆಲ್ಲವೋ, ಮುಧೋಳ ಕಡೆಯ ಗಾಣದಿಂದ ಗೆಳೆಯ ಕೊಟ್ಟ ಘಮಘಮ ಬೆಲ್ಲ. ಜಿಪುಣತನ ಮಾಡದೆ ಮುಷ್ಟಿಗಟ್ಟಲೆ ಹಾಕಿದ್ದರು.

ಮಧ್ಯಾಹ್ನದ ಹೊತ್ತಿಗೆ ಎರಡು ಕಣಜ ಬಾಟಲಿಯೊಳಗೆ ಬಿದ್ದವು. ಇವರು ಮೀಸೆ ತಿರುವಿಕೊಂಡರು. ಸಂಜೆಗೆ ಓಣಿಯ ಕಣಜ, ಜೇನು, ನೊಣ, ಇರುವೆ ಎಲ್ಲ ಸಂಸಾರ ಸಮೇತ ನಮ್ಮ ಗಿಡದ ಸುತ್ತ ಸೇರಿದವು. ನಾವು ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕೂತೆವು.

ಅತ್ತೆ ಮಗನನ್ನು ನೋಡಿ ಅಂದರು: “ಹೋಳಿಗಿ ಊಟಕ್ಕ ಎಲಿ ಹಾಕಿ ಎದ್ದ ಹೋಗ್ರಿ ಅಂದ್ರ ಯಾರ ಹೋಗತಾರೋ ಯಪ್ಪಾ?”

ಲಿಂಬೆ, ಲವಂಗ

ಎರಡನೆಯದು ಬೀಳಗಿಯಲ್ಲಿರುವ ನಮ್ಮ ಅಕ್ಕನಿಂದ ಫೋನಿನಲ್ಲಿ ಬಂತು. ಲಿಂಬೆಹಣ್ಣು ಹೋಳು ಮಾಡಿ, ಲವಂಗ ಚುಚ್ಚಿ ಗಿಡಕ್ಕೆ ಕಟ್ಟಬೇಕು, ಆ ವಾಸನೆ ಕಣಜಕ್ಕೆ ಆಗಿಬರುವುದಿಲ್ಲ. ಕಟ್ಟಲು ಕೈಗೆ ಸಿಕ್ಕಿದ್ದು ಮಷಿನ್ನಿನ ಮೇಲಿದ್ದ ಕೆಂಪು ದಾರ. ಟೊಂಗೆ ಟೊಂಗೆಗೂ ಕಟ್ಟಿ ಬಂದು ನಿಶ್ಚಿಂತೆಯಿಂದ ಮಲಗಿದೆ.

ಮುಂಜಾನೆ ಹಿಪ್ಪರಗಿಯಿಂದ ಹಾಲು ತರುವವನ ಬೈಕು ಗೇಟಿನ ಬಳಿ ಗಕ್ಕನೆ ನಿಂತಿತು. ಅವನು ಇಳಿಯಲೇ ಇಲ್ಲ.

“ಅಕ್ಕಾರ, ಇದು ಯಾರಿಗೆ ಮಾಡಿಸೀರಿ?”

“ಹುಳಕ್ಕೋ ಮಾರಾಯಾ, ಹುಳಕ್ಕ.”

“ಹುಳಕ್ಕ ಇಷ್ಟ ಮಾಡಸೋರು ಮನಷ್ಯಾರಿಗೆ ಬಿಡತೀರೇನ್ರಿ!” ಅಂದವನೇ ದೂರದಿಂದಲೇ ಕೈ ಮುಗಿದ.

ಕಣಜಗಳು ಲಿಂಬೆಯ ಪಕ್ಕದಲ್ಲೇ ಆರಾಮಾಗಿ ಓಡಾಡಿಕೊಂಡಿದ್ದವು. ಆದರೆ ಉಪಾಯ ಪೂರ್ತಿ ವ್ಯರ್ಥವಾಯಿತು ಅನ್ನಲಾರೆ. ಆ ಲಿಂಬೆಹೋಳುಗಳು ಒಣಗಿ ಉದುರುವತನಕ ನಮ್ಮ ಮನೆಗೆ ನೀರು ಬೆರೆಸದ ಹಾಲು ಬಂತು.

ಹೊಗೆ

ಬೇವಿನ ಸೊಪ್ಪಿನ ಹೊಗೆ ಹಾಕುವುದು ಅತ್ತೆಯ ತವರಿನ ಪದ್ಧತಿ. ಒಡೆದ ಮಡಕೆಯಲ್ಲಿ ಸೆಗಣಿಯ ಕುಳ್ಳು ಹೊತ್ತಿಸಿ, ಮೇಲೆ ಹಸಿ ಸೊಪ್ಪು ಹೇರಿ ಗಿಡದ ಬುಡಕ್ಕೆ ಇಟ್ಟೆವು. ಹೊಗೆ ದಟ್ಟವಾಗಿ ಎದ್ದು ಓಣಿ ತುಂಬಿತು. ಅತ್ತೆಗೆ ಖುಷಿಯೋ ಖುಷಿ.

ನಮ್ಮೂರಲ್ಲಿ ಮನೆ ಮನೆಗೂ ಮಗ್ಗ, ಎಲ್ಲಿ ನೋಡಿದರೂ ನೂಲು, ಹತ್ತಿಯ ಧೂಳು. ಹೊಗೆ ಕಂಡರೆ ಯಾರೂ ಕಾರಣ ಕೇಳುತ್ತ ನಿಲ್ಲುವುದಿಲ್ಲ. “ಬೆಂಕಿ ಬಿದ್ದೈತ್ರೋ!” ಎಂದು ಯಾರೋ ಕೂಗಿದ್ದೇ ತಡ, ಮಗ್ಗಗಳು ನಿಂತವು, ಬಕೆಟ್ಟುಗಳು ಬಂದವು. ಎದುರು ಮನೆಯ ಅಜ್ಜ ಲುಂಗಿ ಮೇಲೆ ಕಟ್ಟಿಕೊಂಡು ಪೈಪು ಹಿಡಿದೇ ಓಡಿ ಬಂದರು. “ಏನೂ ಆಗಿಲ್ರೀ, ಹುಳಕ್ಕ ಹೊಗಿ ಹಾಕೇವ್ರಿ” ಎಂದು ನಾನು ಒದರುವಷ್ಟರಲ್ಲಿ ಬಾಯಿಗೂ ನೀರು ಬಿತ್ತು.

ನಾನು ತೊಯ್ದೆ, ಅತ್ತೆ ತೊಯ್ದರು, ಕಿಟಕಿಯೊಳಗಿದ್ದ ಗಿರಾಕಿಗಳ ಬ್ಲೌಸುಗಳು ತೊಯ್ದವು. ದಟ್ಟ ಎಲೆಗಳ ಮರೆಯಲ್ಲಿದ್ದ ಕಣಜದ ಗೂಡಿಗೆ ಮಾತ್ರ ಒಂದು ಹನಿ ತಾಗಲಿಲ್ಲ.

ಬಟ್ಟೆಯ ಗೂಡು

ಕೊನೆಗೆ ಬ್ಲೌಸಿನ ಅಳತೆ ಕೊಡಲು ಬಂದ ಜಮಖಂಡಿಯ ಟೀಚರ್ ಒಬ್ಬರು ಒಂದು ಮಾತು ಹೇಳಿದರು: “ಬ್ಯಾರೆಯವರ ಗೂಡ ಐತಿ ಅಂತ ಕಂಡ್ರ ಕಣಜಾ ಅಲ್ಲಿ ನಿಂದ್ರೂದಿಲ್ಲಂತ್ರಿ.”

ಇದು ನನ್ನ ಕಸುಬಿನ ಉಪಾಯ. ಬೂದಿ ಬಣ್ಣದ ಅಸ್ತರ್ ಬಟ್ಟೆಯಲ್ಲಿ ಕುಂಬಳಕಾಯಿ ಗಾತ್ರದ ಗೂಡು ಹೊಲಿದೆ. ಒಳಗೆ ಮಗ್ಗದ ತುಂಡು ನೂಲು ಗಿಡಿದು ತುಂಬಿದೆ. ಕೆಳಗೆ ಬ್ಲೌಸಿಗೆ ಗುಂಡಿಯ ಕಾಜಾ ಮಾಡಿದ ಹಾಗೆ ಅಂಚು ಹೊಲಿದು ದುಂಡಗೆ ಬಾಯಿಯನ್ನೂ ಮಾಡಿದೆ. ಗಿಡಕ್ಕೆ ತೂಗುಹಾಕಿದೆ.

ಗೂಡು ನೋಡಿಯೋ, ನಮ್ಮ ಕಾಟಕ್ಕೆ ಬೇಸತ್ತೋ, ವಾರದೊಳಗೆ ಕಣಜಗಳು ಜಾಗ ಖಾಲಿ ಮಾಡಿದವು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಹೇಳಿದೆ, ಓಣಿಯಲ್ಲಿ ಹೋಗುವವರನ್ನು ಕರೆದು ಹೇಳಿದೆ: “ಹುಳಾ ಒಂದೂ ಉಳದಿಲ್ರಿ. ಈಗ ಕಾಣೂದು ಬರೇ ಅರಿವಿ ಗೂಡು, ಬೇಕಾದ್ರ ಮುಟ್ಟಿ ನೋಡ್ರಿ!”

ಮರುದಿನ ಅತ್ತೆ ನಸುಕಿನಲ್ಲೇ ಜಳಕ ಮಾಡಿ, ಬುಟ್ಟಿ ಹಿಡಿದು, ಮದುವೆಯ ಮನೆಗೆ ಹೊರಟವರ ಉಮೇದಿಯಲ್ಲಿ ಹೊರಗೆ ಹೋದರು. ಬಹಳ ಹೊತ್ತಾದರೂ ತಿರುಗಿ ಬರಲಿಲ್ಲ. ನಾನು ಹೋಗಿ ನೋಡಿದರೆ ಗಿಡದಲ್ಲಿ ಎಲೆ ಇತ್ತು, ನನ್ನ ಗೂಡಿತ್ತು. ಒಂದು ಹೂವಿಲ್ಲ. ನಾಳೆ ಅರಳಬೇಕಾದ ಮೊಗ್ಗೂ ಇಲ್ಲ.

ಗೇಟಿನಾಚೆ ಎದುರು ಮನೆಯ ಅಜ್ಜ ವಾಕಿಂಗ್ ಮುಗಿಸಿ ನಿಂತಿದ್ದರು. ಒಂದು ಕೈಯಲ್ಲಿ ಕೊಕ್ಕೆಯ ಕೋಲು, ಇನ್ನೊಂದು ಕೈಯಲ್ಲಿ ಬಿಳಿ ದಾಸವಾಳ ತುಂಬಿ ಉಬ್ಬಿದ ಕ್ಯಾರಿಬ್ಯಾಗು.

“ಪುಣ್ಯಾದ ಕೆಲಸಾ ಮಾಡಿದಿ ತಂಗಿ” ಅಂದರು ನನಗೆ. “ಆ ಹುಳದ ಅಂಜಿಕಿಗೆ ಇಷ್ಟ ದಿನಾ ಪೂಜಿ ಹೂವಿಗೆ ನಾ ಆಚಿ ಓಣಿತನಾ ಹೋಗಬೇಕಾಗಿತ್ತ ನೋಡು.” ಆಮೇಲೆ ಅತ್ತೆಯ ಖಾಲಿ ಬುಟ್ಟಿ ಕಂಡು ಚೀಲದೊಳಗೆ ಕೈ ಹಾಕಿ ಎರಡು ಹೂ ತೆಗೆದರು. “ತಗೋರಿ ಅವ್ವಾರ, ನಿಮ್ಮ ಪೂಜಿಗೂ ಇರಲಿ. ಹೂವಿನ ವಿಷಯದಾಗ ನಾ ಎಂದೂ ಹಿಂದ ಮುಂದ ನೋಡಾಂವಲ್ಲ.”

ಅತ್ತೆ ಆ ಎರಡು ಹೂವನ್ನು ಬುಟ್ಟಿಗೆ ಹಾಕಿಕೊಂಡು ಒಳಗೆ ಬಂದರು. ಪೂಜೆ ಮುಗಿಸಿದರು. ಚಹಾ ಕುಡಿದರು. ಲೋಟ ಕೆಳಗಿಟ್ಟು ನನ್ನನ್ನು ಕರೆದರು.

“ಆ ಹುಳಾ ಯಾ ಕಡೆ ಹ್ವಾದುವು, ನೋಡೀಯೇನ? ಲಗೂನ ಹೋಗಿ ಕೈಕಾಲ ಬಿದ್ದಾದ್ರೂ ಕರಕೊಂಡ ಬಾ.”