ಆಣೆ ಹಾಕಿಸುವ ರೆಫ್ರಿ

ನಮ್ಮ ಭಾವನಿಗೆ ಫುಟ್ಬಾಲು ಬರುತ್ತಿರಲಿಲ್ಲ. ಅವನು ಚೆಂಡು ಒದ್ದದ್ದನ್ನು ಕಂಡವರೂ ಇಲ್ಲ. ಆದರೂ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಅವನಂಥ ರೆಫ್ರಿ ಹಿಂದೆ ಇರಲಿಲ್ಲ, ಇನ್ನು ಹುಟ್ಟುವುದೂ ಇಲ್ಲ!

ಅಕ್ಕನ ಗಂಡನಾದ ಈ ಮಹಾಶಯನ ಕಸುಬು ಎತ್ತುಗಳಿಗೆ ಲಾಳ ಕಟ್ಟುವುದು. ಆಟದ ರೂಲು ಪುಸ್ತಕ ಇಂಗ್ಲಿಷಿನಲ್ಲಿತ್ತು. ಅದನ್ನು ಲಾಳದ ಮೊಳೆಗಳ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದ. ಮನೆಮನೆ ತಿರುಗುವವನಿಗೆ ಯಾವ ಆಟಗಾರನಿಗೆ ಯಾವುದರ ಮೇಲೆ ಪ್ರಾಣ ಎಂಬುದು ಚೆನ್ನಾಗಿ ಗೊತ್ತಿತ್ತು. ಆಟದಲ್ಲಿ ತಕರಾರು ಎದ್ದಿತೋ, ಪೀಪಿ ಊದಿ ಅದರ ಮೇಲೇ ಆಣೆ ಹಾಕಿಸುತ್ತಿದ್ದ!

ಒಮ್ಮೆ ಬಂಡೂರಿನವನೊಬ್ಬ ಗೋಲು ಹೊಡೆದು ಕುಣಿಯುತ್ತಿದ್ದ. ಭಾವ ಹತ್ತಿರ ಹೋಗಿ ಕೇಳಿದ:

"ಆಫ್‌ಸೈಡಲ್ಲಿ ನಿಂತಿದ್ಯೇನ್ಲಾ?"

"ಇಲ್ಲ ಕಣಣ್ಣ."

"ನಿನ್ ಟಗರಿನ ಮ್ಯಾಲೆ ಆಣೆ ಮಾಡು."

ಕುಣಿತ ನಿಂತಿತು. "ಒಂಚೂರು ನಿಂತಿದ್ದೆ ಕಣಣ್ಣ."

ಗೋಲು ರದ್ದು! ಇದನ್ನು ನೋಡಿ ಬುದ್ಧಿ ಕಲಿತ ಬೆಳಕವಾಡಿಯವನೊಬ್ಬ, ಯಾರೂ ಮುಟ್ಟದೆಯೇ ಉರುಳಿ ಬಿದ್ದು, ಭಾವ ಬಾಯಿ ತೆರೆಯುವ ಮೊದಲೇ "ನಮ್ಮತ್ತೆ ಮ್ಯಾಲಾಣೆ, ಕಾಲು ಕೊಟ್ಟು ಬೀಳುಸ್ದ!" ಎಂದು ಕೂಗಿದ. ಭಾವ ಅವನನ್ನು ದುರುಗುಟ್ಟಿ ನೋಡಿ, "ಎದ್ದೇಳ್ಲಾ. ಅತ್ತೆ ಮ್ಯಾಲಿನ ಆಣೆ ಇಲ್ಲಿ ನಡೆಯಾಕಿಲ್ಲ" ಎಂದ. ಅಂದಿನಿಂದ ಮೂರೂ ಊರುಗಳಲ್ಲಿ ಅದು ಕಾಯಂ ಕಾನೂನಾಯಿತು!

ಆಮೇಲೆ ಬಂತು ಮಂಡ್ಯದ ಫೈನಲ್. ಮದ್ದೂರಿಗೂ ನಮ್ಮ ಮಳವಳ್ಳಿಗೂ. ಕಪ್ ನಮ್ಮೂರಿನ ಮುಖವನ್ನೇ ಕಂಡಿರಲಿಲ್ಲ. ಗೋಲ್‌ಕೀಪರ್ ನಾನು, ರೆಫ್ರಿ ಭಾವ! ಮದ್ದೂರಿನವರು ಸುಮ್ಮನಿದ್ದಾರೆಯೇ? "ಬಾಮೈದ ಗೋಲಲ್ಲಿ ನಿಂತವ್ನೆ, ನ್ಯಾಯ ಎಲ್ಲೈತೆ?" ಎಂದು ಮೊದಲೇ ರೇಗಿಸಿದರು. ಭಾವ ಪೀಪಿ ಊದಿ ಆಟ ಶುರುಮಾಡಿದ.

ನಾವು ಒಂದು ಗೋಲು ಮುಂದಿದ್ದೆವು. ಮುಗಿಯಲು ಇನ್ನು ಸ್ವಲ್ಪ ಹೊತ್ತು ಎನ್ನುವಾಗ ಚೆಂಡು ನುಗ್ಗಿ ಬಂತು. ನಾನು ಮೇಲೆ ಬಿದ್ದು ತಬ್ಬಿಕೊಂಡೆ. ಆದರೆ ಗೆರೆ ದಾಟಿತ್ತು! ಚೆಂಡನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡೆ. ಆಗಿನ ಗೋಲಿಗೆ ಬಲೆ ಎಲ್ಲಿತ್ತು? ಎರಡು ಬಿದಿರು, ಮೇಲೊಂದು ಹಗ್ಗ. ನನ್ನ ಬೆನ್ನು ಬಿಟ್ಟರೆ ಬೇರೇನೂ ಯಾರಿಗೂ ಕಂಡಿರಲಿಲ್ಲ.

ಮದ್ದೂರಿನವರು "ಗೋಲು, ಗೋಲು" ಎಂದು ಅರಚಿದರು. ಭಾವ ಬಂದ. ನಾನು ಹೆದರಲಿಲ್ಲ. ಅಪ್ಪ ಅಮ್ಮ ಎಂದೋ ಹೋಗಿದ್ದರು. ಟಗರಿಲ್ಲ, ಎತ್ತಿಲ್ಲ, ಹೆಂಡತಿ ಮೊದಲೇ ಇಲ್ಲ. ಯಾವುದರ ಮೇಲೆ ಆಣೆ ಹಾಕಿಸುತ್ತಾನೆ, ಪಾಪ!

ಭಾವ ರುಮಾಲು ಬಿಚ್ಚಿದ. ಬೋಳುತಲೆಯನ್ನು ನನ್ನ ಮುಂದೆ ಬಗ್ಗಿಸಿದ.

"ಮಡಗು ಕೈಯ. ಗೆರೆ ದಾಟ್ತೋ ಇಲ್ವೋ ಯೋಳು."

ಕೈಯಿಟ್ಟೆ. ಆ ತಲೆ ಬಿಸಿಲಿಗೆ ಸುಡುತ್ತಿತ್ತು. "ದಾಟ್ತು ಭಾವ" ಎಂದೆ.

ಗೋಲು! ನಮ್ಮವರು ನನ್ನನ್ನು ಹಸಿಹಸಿ ತಿನ್ನುವಂತೆ ನೋಡಿದರು. ಆದರೆ ಎರಡೇ ನಿಮಿಷದಲ್ಲಿ ಮದ್ದೂರಿನ ಗೋಲಿನೆದುರು ಗುಂಪು ಕಿತ್ತಾಟ. ಯಾರ ಕೈಗೋ ಚೆಂಡು ತಾಗಿದಂತಿತ್ತು. ಭಾವ ಆ ಕಡೆ ತಿರುಗಿದ್ದೇ ತಡ, ಅವರ ಕಡೆ ಆಡುತ್ತಿದ್ದ ಸೈಕಲ್ ರಿಪೇರಿಯ ಸಾಬರ ಮಗ ತಾನಾಗಿಯೇ ಕೈ ಎತ್ತಿದ.

"ನನ್ ಕೈಗೇ ತಾಗಿದ್ದು! ಸೈಕಲ್ ಮ್ಯಾಲೆ ಮಾತ್ರ ಆಣೆ ಬ್ಯಾಡ ಕಣಣ್ಣೋ, ಯುದ್ಧದ ಕಾಲ, ಟೈರು ಸಿಗಾಕಿಲ್ಲ!"

ಮದ್ದೂರಿನವರೂ ನಕ್ಕುಬಿಟ್ಟರು. ಪೆನಾಲ್ಟಿ, ಗೋಲು, ಕಪ್! ಜನ ಗೆದ್ದವರನ್ನು ಬಿಟ್ಟು ಭಾವನನ್ನೇ ಹೆಗಲ ಮೇಲೆ ಹೊತ್ತು ಕುಣಿದರು. ರುಮಾಲು ಯಾರ ಪಾಲಾಯಿತೋ ಗೊತ್ತಿಲ್ಲ.

ಊರಿಗೆ ಮರಳುವಾಗ ಗಾಡಿಯಲ್ಲಿ ಕಪ್ ನನ್ನ ತೊಡೆಯ ಮೇಲಿತ್ತು. ಆಗಷ್ಟೇ ಹೊಳೆದು ನಾನು ಕೇಳಿದೆ: "ಅಕ್ಕನ ಮೇಲೆ ಆಣೆ ಹಾಕಿಸಬಹುದಿತ್ತಲ್ಲ ಭಾವ? ನಿನ್ನ ತಲೆ ಯಾಕೆ ಕೊಟ್ಟೆ?"

ಭಾವ ಎತ್ತಿನ ಬೆನ್ನು ಸವರುತ್ತ ಹೇಳಿದ: "ಕಪ್ಪಿನ ಆಸೆಗೆ ನೀ ಎಲ್ಲಾದ್ರೂ ಸುಳ್ಳೇಳ್ಬುಟ್ಟಿದ್ರೆ? ಆಣೆ ಅವ್ಳಿಗೆ ತಟ್ಟೋದು ಬ್ಯಾಡ, ನಂಗೇ ತಟ್ಲಿ ಅಂತ."

ನಾನು ಅವನ ಬೋಳುತಲೆಯ ಮೇಲೆ ಇನ್ನೊಮ್ಮೆ ಕೈಯಿಟ್ಟೆ. ಈ ಸಲ ಯಾರೂ ಏನೂ ಕೇಳಲಿಲ್ಲ.