ಏಪ್ರಿಲ್ ಇಪ್ಪತ್ತರ ಈಸ್ಟರ್

ವಿದ್ಯಾನಗರದ ಏಕಾಂತಪ್ಪನವರು ಹೋದ ವರ್ಷ ಈಸ್ಟರ್ ಊಟ ತಪ್ಪಿಸಿ ಮಹಾಪರಾಧ ಮಾಡಿದ್ದರು. ನಿವೃತ್ತಿಗೆ ಮೊದಲು ಇವರು ಭದ್ರಾವತಿಯ ಕಾಗದನಗರದಲ್ಲಿದ್ದಾಗ ಮೂವತ್ತು ವರ್ಷ ಪಕ್ಕದ ಮನೆಯವರಾಗಿದ್ದ ಜ್ಞಾನಪ್ರಕಾಶರ ಹೆಂಡತಿ ಶೀಲಾ, ಇವರಿಗೆಂದೇ ಹೊಸ ಪಾತ್ರೆ ತಂದು ತರಕಾರಿ ಪಲಾವ್ ಮಾಡಿ ಕಾದಿದ್ದರು. ಇವರು ಮನೆಯಲ್ಲಿ ‘ಹತ್ತೇ ನಿಮಿಷ’ ಅಂತ ಮಲಗಿ ಸಂಜೆಗೆ ಎದ್ದಿದ್ದರು. “ನಮ್ಮನೆ ಊಟ ಸೇರಲ್ಲ ಅಂತ ಮೊದಲೇ ಹೇಳ್ಬಹುದಿತ್ತಲ್ಲ ಅಣ್ಣ” ಎಂದು ಶೀಲಾ ಫೋನಿನಲ್ಲಿ ಅಂದ ಮಾತು ಅವರ ಎದೆಗೇ ನಾಟಿತ್ತು. ಇನ್ನೊಮ್ಮೆ ತಪ್ಪಿದರೆ ಸ್ನೇಹವೇ ಮುಗಿದಂತೆ.

ಹಾಗಾಗಿ ಏಪ್ರಿಲ್ ಇಪ್ಪತ್ತು ಎಂಬ ಆ ತಾರೀಖನ್ನು ತಮ್ಮ ಮದುವೆಯ ದಿನಕ್ಕಿಂತ ಭದ್ರವಾಗಿ ನೆನಪಿಟ್ಟುಕೊಂಡರು (ಮದುವೆಯ ದಿನ ನೆನಪಿಸಲು ಹೆಂಡತಿ ದಾಕ್ಷಾಯಣಿ ಇದ್ದಾರಲ್ಲ).

ಈ ವರ್ಷ ಮಾರ್ಚ್ ಕೊನೆಯಲ್ಲಿ ಶೀಲಾ ಮನಸ್ಸು ದೊಡ್ಡದು ಮಾಡಿ ಮತ್ತೆ ಕರೆದರು. “ಅಣ್ಣ, ಈ ಸಲ ಹಬ್ಬ...” ಎನ್ನುವಷ್ಟರಲ್ಲೇ ಏಕಾಂತಪ್ಪ, “ಡೇಟ್ ನೀನು ಹೇಳೋದೇ ಬೇಡಮ್ಮ, ತಲೇಲಿ ಕೂತಿದೆ. ಬಂದೇ ಬರ್ತೀವಿ” ಎಂದು ಫೋನಿಟ್ಟರು.

“ಯಾವತ್ತಂತೆ?” ದಾಕ್ಷಾಯಣಿ ಕೇಳಿದರು.

“ಇನ್ಯಾವತ್ತು? ಏಪ್ರಿಲ್ ಇಪ್ಪತ್ತು.”

“ಅವತ್ತು ಸೋಮವಾರ ಕಣ್ರೀ. ಹೋದ್ವರ್ಷ ಭಾನುವಾರ ಇತ್ತು. ಒಂದು ಮಾತು ಕೇಳಿ.”

“ಕ್ರಿಸ್‌ಮಸ್ ಯಾವತ್ತು ಅಂತ ಯಾರಾದ್ರೂ ಕೇಳ್ತಾರೇನೆ ಮಾರಾಯ್ತಿ? ಅವರದು ಇಂಗ್ಲಿಷ್ ಕ್ಯಾಲೆಂಡರ್ ಹಬ್ಬ. ನಮ್ಮ ಯುಗಾದಿ ಥರ ಹಿಂದೆ ಮುಂದೆ ಓಡಾಡಲ್ಲ.”

ಬೀದಿಗೆಲ್ಲ ಹುಣ್ಣಿಮೆ ಅಮಾವಾಸ್ಯೆ ಹೇಳುವ ಪಂಚಾಂಗ ಪಂಡಿತರು ಅವರು. ದಾಕ್ಷಾಯಣಿ ಅಡುಗೆಮನೆಗೆ ಹೋದರು.

ಏಪ್ರಿಲ್ ಇಪ್ಪತ್ತರಂದು ಇಸ್ತ್ರಿ ಶರ್ಟು ತೊಟ್ಟು, ಸ್ವೀಟ್ ಬಾಕ್ಸ್ ಹಿಡಿದು, ಬೆಳಗಿನ ತಿಂಡಿಯನ್ನೂ ತ್ಯಾಗ ಮಾಡಿ ದಂಪತಿ ಭದ್ರಾವತಿ ಬಸ್ ಹತ್ತಿದರು. ಕಾಗದನಗರದಲ್ಲಿ ಬಾಗಿಲು ತೆರೆದ ಶೀಲಾ ಕೈಯಲ್ಲಿ ಪೊರಕೆ ಇತ್ತು.

“ಹ್ಯಾಪಿ ಈಸ್ಟರ್” ಎಂದರು ಏಕಾಂತಪ್ಪ, ಮುಖ ಅರಳಿಸಿ.

ಶೀಲಾ ಮುಖ ಮಾತ್ರ ಅರಳಲಿಲ್ಲ. “ಹಬ್ಬ ಐದನೇ ತಾರೀಖೇ ಮುಗೀತು. ಮೂರು ಗಂಟೆವರೆಗೂ ಪಾತ್ರೆ ಮುಚ್ಚಳ ತೆಗೀದೆ ಕಾದೆ. ಇವ್ರು ಫೋನ್ ಮಾಡ್ತೀನಿ ಅಂದ್ರು, ನಾನೇ ಬೇಡ ಅಂದೆ. ಬೇಕಂತ್ಲೇ ಬರ್ಲಿಲ್ಲ ಅಂದ್ಕೊಂಡೆ.”

“ಹೋದ್ವರ್ಷ ಇಪ್ಪತ್ತಕ್ಕಿತ್ತಲ್ಲಮ್ಮ” ಎಂದರು ಏಕಾಂತಪ್ಪ, ಸ್ವೀಟ್ ಬಾಕ್ಸನ್ನು ಬೆನ್ನ ಹಿಂದೆ ಸರಿಸುತ್ತ.

ಒಳಗಿನಿಂದ ಬಂದ ಜ್ಞಾನಪ್ರಕಾಶ್ ಹೇಳಿದರು: “ಮಾರ್ಚ್ ಇಪ್ಪತ್ತೊಂದರಿಂದೀಚೆಗೆ ಬರೋ ಮೊದಲ ಹುಣ್ಣಿಮೆ ನೋಡೋದು ಮಾರಾಯ, ಅದಾದ್ಮೇಲಿನ ಭಾನುವಾರ ಈಸ್ಟರ್. ಹುಣ್ಣಿಮೆ ಹೋದ ಕಡೆ ಹಬ್ಬ ಹೋಗುತ್ತೆ.”

ಹುಣ್ಣಿಮೆ! ಮೂರು ವಾರದ ಹಿಂದೆ ಅದೇ ಹುಣ್ಣಿಮೆಯನ್ನು ಏಕಾಂತಪ್ಪ ಹನ್ನೊಂದು ಮನೆಗೆ ತಾವೇ ಹೇಳಿ ಬಂದಿದ್ದರು. ಈಗ ಸ್ನೇಹ ಉಳಿಯಬೇಕಾದರೆ ದಾರಿ ಒಂದೇ. ತಾವು ಕೆಟ್ಟವರಲ್ಲ, ಬರೀ ದಡ್ಡರು ಎಂದು ಸಾಬೀತು ಮಾಡಬೇಕು.

“ಸೊಕ್ಕಿಗೆ ತಪ್ಪಿಸ್ಲಿಲ್ಲ ತಾಯಿ, ದಡ್ಡತನಕ್ಕೆ” ಎಂದರು ಮೆಲ್ಲಗೆ.

“ಹೌದು ಶೀಲಾ, ಅದಕ್ಕೆ ನಾನು ಗ್ಯಾರಂಟಿ” ಎಂದು ದಾಕ್ಷಾಯಣಿ ಅತ್ಯುತ್ಸಾಹದಿಂದ ಸಾಕ್ಷಿಗೆ ನಿಂತರು. ಬೇರೆ ಛತ್ರಕ್ಕೆ ಹೋಗಿ ಯಾರದೋ ಮದುವೆಯಲ್ಲಿ ಉಂಡು ಬಂದದ್ದು, ಸ್ವಂತ ಪಿಂಚಣಿಯ ಫಾರ್ಮಿನಲ್ಲಿ ಹೆಂಡತಿಯ ಹೆಸರಿನ ಜಾಗಕ್ಕೆ ಅತ್ತೆಯ ಹೆಸರು ಬರೆದದ್ದು, ಎಲ್ಲವೂ ಹೊರಬಂತು. ಅತ್ತೆಯ ಹೆಸರು ಕೇಳಿದ್ದೇ ಶೀಲಾ ನಕ್ಕುಬಿಟ್ಟರು, ಪೊರಕೆ ಮೂಲೆ ಸೇರಿತು, ಉಪ್ಪಿಟ್ಟು ಬಂತು. ಏಕಾಂತಪ್ಪನವರಿಗೆ ಆ ಉಪ್ಪಿಟ್ಟಿನಷ್ಟು ರುಚಿ ಯಾವ ಪಲಾವಿನಲ್ಲೂ ಸಿಕ್ಕಿರಲಿಲ್ಲ.

ಹೊರಡುವಾಗ ಅವರು ಜೇಬಿನಿಂದ ಪೆನ್ನು ತೆಗೆದು, “ಮುಂದಿನ ವರ್ಷ ಯಾವತ್ತಮ್ಮ ಹಬ್ಬ?” ಎಂದು ಕೇಳಿದರು.

“ಅದನ್ನ ಅಕ್ಕಂಗೆ ಹೇಳಾಯ್ತು” ಎಂದರು ಶೀಲಾ. “ನೀವು ಸುಮ್ನೆ ಅವರ ಹಿಂದೆ ಬಸ್ ಹತ್ತಿ ಅಣ್ಣ.”